ಸಾವಿರ ಒಂದುಗಳ ಸಂಖ್ಯೆ: ಪದೇ ಪದೇ ಕೇಳುವ ಪ್ರಶ್ನೆಗಳು

ಮುಂಬೈ ಹತ್ತಿರದ ಡೊಂಬಿವಿಲಿಯಲ್ಲಿ ನಮ್ಮ ಬಿಲ್ಡಿಂಗಿನ ಸೊಸೈಟಿ ರೂಮಲ್ಲಿ ಪ್ರತಿ ಭಾನುವಾರ ಸಂಜೆ ಕನ್ನಡದ ಮನೆಗಳ ಮಕ್ಕಳಿಗೆ ನಾನು ಗಣಿತ ಹೇಳಿಕೊಡ್ತೇನೆ. ಆ ರೂಮಿನ ಗೋಡೆ ಮೇಲೊಂದು ಚಾರ್ಟ್ ಉಂಟು, ಅದರಲ್ಲಿ 1 ಅನ್ನೋ ಅಂಕಿ ಬಿಟ್ಟು ಬೇರೆ ಎಂತದೂ ಇಲ್ಲ, ಒಂದು ಸಾಲಿಗೆ 40, ಅಂಥ 25 ಸಾಲು, ಒಟ್ಟು ಸಾವಿರ. ಇದನ್ನು ಬಿಡಿಬಿಡಿ ಅಂಕಿ ಅಂತ ನೋಡಬಾರದು, ಇಡೀ ಚಾರ್ಟ್ ಸೇರಿ ಒಂದೇ ಒಂದು ಸಂಖ್ಯೆ. ಮಕ್ಕಳು ಇದಕ್ಕೆ "ಸಾವಿರದ ಸರ" ಅಂತ ಹೆಸರಿಟ್ಟಿದ್ದಾರೆ. ಮಕ್ಕಳನ್ನು ಬಿಡಲಿಕ್ಕೆ ಬರೋ ಅಪ್ಪ ಅಮ್ಮಂದಿರು, ವಾಟ್ಸಾಪಲ್ಲಿ ಫೋಟೋ ನೋಡಿದ ಊರಿನವರು, ಎಲ್ಲರೂ ಕೇಳೋದು ಹೆಚ್ಚುಕಮ್ಮಿ ಅವೇ ಪ್ರಶ್ನೆಗಳು, ಹಾಗಾಗಿ ಉತ್ತರ ಎಲ್ಲ ಒಂದೇ ಕಡೆ ಬರೆದಿಡ್ತಾ ಇದ್ದೇನೆ.

ಇದಕ್ಕೆ ಸರಿಯಾದ ಹೆಸರು ಇಲ್ವಾ? ಓದೋದು ಹೇಗೆ?

ಬರೀ 1ರಿಂದಲೇ ಆದ ಸಂಖ್ಯೆಗೆ ಗಣಿತದವರು ರಿಪ್ಯೂನಿಟ್ ಅಂತಾರೆ, ಆಲ್ಬರ್ಟ್ ಬೈಲರ್ ಅನ್ನುವವರು 1960ರ ದಶಕದಲ್ಲಿ ಕೊಟ್ಟ ಹೆಸರದು. ಇನ್ನು ಓದೋದು ಅಂದ್ರೆ, ನಮ್ಮ ಹಳೇ ಲೆಕ್ಕದಲ್ಲಿ ಏಕ, ದಶ, ಶತ, ಸಹಸ್ರ ಅಂತ ಹೋಗಿ ಹೋಗಿ ಪರಾರ್ಧಕ್ಕೆ ಹೆಸರು ಮುಗೀತದೆ, ಅದು 18ನೇ ಸ್ಥಾನ. ನಮ್ಮ ಚಾರ್ಟಿನ ಒಂದು ಸಾಲಿನ ಅರ್ಧಕ್ಕೂ ಪರಾರ್ಧ ಬರೋದಿಲ್ಲ. ಆದರೆ ಚಿಕ್ಕದಾಗಿ ಹೇಳ್ಲಿಕ್ಕೆ ಒಂದು ದಾರಿ ಉಂಟು: 10ರ ಸಾವಿರದನೇ ಘಾತದಿಂದ 1 ಕಳೆದರೆ ಸಾವಿರ 9 ಸಿಗ್ತದೆ, ಅದನ್ನು 9ರಿಂದ ಭಾಗಿಸಿದರೆ ಸಾವಿರ 1. ಅಷ್ಟೇ ಅದರ ಹುಟ್ಟು. ಈ ಒಂದು ಸಾಲು ನೆನಪಿಟ್ಕೊಳ್ಳಿ, ಮುಂದೆ ಎಲ್ಲ ಕಡೆ ಬೇಕಾಗ್ತದೆ.

ನಿಜವಾಗಿ ಎಷ್ಟು ದೊಡ್ಡದು?

ನಮಗೆ ಕಾಣೋ ವಿಶ್ವದಲ್ಲಿ ಇರೋ ಪರಮಾಣುಗಳು ಅಂದಾಜು 10ರ 80ನೇ ಘಾತದಷ್ಟು ಅಂತಾರೆ, ಅದು 81 ಅಂಕಿಯ ಸಂಖ್ಯೆ. ನಮ್ಮ ಚಾರ್ಟಲ್ಲಿ ಎರಡು ಸಾಲು ಮುಗಿದು ಮೂರನೇ ಸಾಲಿನ ಮೊದಲ 1 ಬರೆಯೋ ಹೊತ್ತಿಗೇ ಅಷ್ಟಾಯ್ತು, ಇನ್ನೂ 919 ಅಂಕಿ ಬಾಕಿ.

ಫೋನಿನ ಕ್ಯಾಲ್ಕುಲೇಟರಿಗೆ ಹಾಕಿ ನೋಡ್ಲಿಕ್ಕೆ ಹೋಗ್ಬೇಡಿ, ಬಹಳಷ್ಟರಲ್ಲಿ ಎರರ್ ಬರ್ತದೆ. ಎಕ್ಸೆಲ್ ಶೀಟ್ 15 ಅಂಕಿವರೆಗೆ ಮಾತ್ರ ಸರಿಯಾಗಿ ಇಟ್ಕೊಳ್ತದೆ, ಆಮೇಲಿನದ್ದೆಲ್ಲ ಸೊನ್ನೆ ಮಾಡಿಬಿಡ್ತದೆ, 10ರ 308ನೇ ಘಾತ ದಾಟಿದರೆ ಸಂಖ್ಯೆಯನ್ನೇ ತಗೊಳ್ಳೋದಿಲ್ಲ. ಪೈಥಾನ್ ಅನ್ನೋ ಕಂಪ್ಯೂಟರ್ ಭಾಷೆ ಗೊತ್ತಿರೋ ಮಕ್ಕಳು ಮನೆಯಲ್ಲಿದ್ರೆ (10**1000-1)//9 ಅಂತ ಬರೆಸಿ, ಒಂದೂ ಅಂಕಿ ತಪ್ಪದೆ ಕಣ್ಣು ಮುಚ್ಚಿ ತೆರೆಯೋದರೊಳಗೆ ಬರ್ತದೆ. ಆದರೆ ಕೆಳಗೆ ಹೇಳೋದಕ್ಕೆ ಹೆಚ್ಚಾಗಿ ಕಂಪ್ಯೂಟರ್ ಬೇಕಾಗಿಯೇ ಇಲ್ಲ, ಪೆನ್ಸಿಲ್ ಮತ್ತು ಚೌಕುಳಿ ಪುಸ್ತಕ ಇದ್ರೆ ಸಾಕು.

ಇದು ಅವಿಭಾಜ್ಯವೋ ಸಂಯುಕ್ತವೋ?

ಸಂಯುಕ್ತ, ಅಂದ್ರೆ 1 ಮತ್ತು ತಾನು ಬಿಟ್ಟು ಬೇರೆ ಸಂಖ್ಯೆಯಿಂದಲೂ ಭಾಗ ಹೋಗ್ತದೆ. (ಇಲ್ಲಿನ ಮರಾಠಿ ಪುಸ್ತಕದಲ್ಲಿ ಅವಿಭಾಜ್ಯಕ್ಕೆ ಮೂಳ್ ಸಂಖ್ಯಾ ಅಂತಾರೆ, ಸಂಯುಕ್ತಕ್ಕೆ ನಮ್ಮ ಹಾಗೇ ಸಂಯುಕ್ತ ಸಂಖ್ಯಾ, ಹಾಗಾಗಿ ಮಕ್ಕಳಿಗೆ ಒಂದು ಶಬ್ದ ಮಾತ್ರ ಹೊಸತು.)

ನೋಡೋದು ಹೇಗೆ ಅಂದ್ರೆ, ಎಡದಿಂದ ಎರಡೆರಡು ಅಂಕಿಗೆ ಒಂದು ಸುತ್ತು ಹಾಕ್ತಾ ಹೋಗಿ. 11, 11, 11, ಹೀಗೆ 500 ಜೋಡಿ, ಯಾವುದೂ ಒಂಟಿ ಉಳಿಯೋದಿಲ್ಲ. ಪ್ರತಿ ಜೋಡಿಯೂ 11 ಆದ್ರೆ ಇಡೀ ಸಂಖ್ಯೆ 11ರಿಂದ ಭಾಗ ಹೋಗ್ಲೇಬೇಕಲ್ವಾ. ಭಾಗಲಬ್ಧ 10101...01, ಒಂದು ಸೊನ್ನೆ ಒಂದು ಒಂದು ಅಂತ ನೇಯ್ದ ಹಾಗೆ, ಅದರಲ್ಲಿ 500 ಒಂದುಗಳು. ಸಾವಿರ ಅಂಕಿಯ ಸಂಖ್ಯೆಯನ್ನು ಒಂದು ಪೆನ್ಸಿಲಲ್ಲಿ ಭಾಗಿಸಿ ಆಯ್ತು. ಮೊದಲ ಸಲ ಇದನ್ನು ಕಂಡ ಆರನೇ ಕ್ಲಾಸಿನ ಹುಡುಗಿಯೊಬ್ಬಳು ಬಾಯಿಗೆ ಕೈ ಇಟ್ಟುಕೊಂಡು ಒಂದು ನಿಮಿಷ ಹಾಗೇ ನಿಂತಿದ್ದಳು, ನನಗದು ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗೆ ಉಂಟು.

11 ಎಷ್ಟು ಸಲ ಹೋಗ್ತದೆ ಅಂತಲೂ ಕೆಲವರು ಕೇಳ್ತಾರೆ. ಒಂದೇ ಸಲ. ಆ 10101...01ನ್ನು 11ರಿಂದ ಭಾಗಿಸಿದರೆ ಶೇಷ 5 ಉಳೀತದೆ, ಯಾಕಂದ್ರೆ 100ನ್ನು 11ರಿಂದ ಭಾಗಿಸಿದ್ರೆ ಶೇಷ 1, ಅಂದ್ರೆ ಅಲ್ಲಿರೋ ಒಂದೊಂದು 1ಕ್ಕೂ ಶೇಷ ಒಂದೊಂದೇ, ಒಟ್ಟು 500, ಮತ್ತೆ 500ರಲ್ಲಿ 495 ತೆಗೆದ್ರೆ 5.

11 ಬಿಟ್ಟು ಬೇರೆ ಅಪವರ್ತನಗಳು?

ಬೇಕಾದಷ್ಟು ಉಂಟು. ಎರಡೆರಡು ಸುತ್ತು ಹಾಕಿದ ಹಾಗೇ ನಾಲ್ಕು ನಾಲ್ಕು, ಐದೈದು, ಎಂಟೆಂಟು ಸುತ್ತು ಹಾಕಬಹುದು, ಯಾಕಂದ್ರೆ 1000 ಅನ್ನೋದು 4, 5, 8 ಎಲ್ಲದರಿಂದಲೂ ಸರಿಯಾಗಿ ಭಾಗ ಹೋಗ್ತದೆ. ನಾಲ್ಕರ ಗುಂಪು 1111 = 11 × 101. ಐದರದ್ದು 11111 = 41 × 271. ಎಂಟರದ್ದು 11111111 = 11 × 73 × 101 × 137. ಗುಂಪನ್ನು ಭಾಗಿಸೋದು ಇಡೀ ಸರವನ್ನೂ ಭಾಗಿಸ್ತದೆ.

ಚಾರ್ಟಲ್ಲಿ ಸಾಲಿಗೆ 40 ಅಂತ ಇಟ್ಟದ್ದು ಇದೇ ಕಾರಣಕ್ಕೆ. ಒಂದು ಸಾಲನ್ನು ಪೂರ್ತಿ ಒಡೆದರೆ ಹನ್ನೊಂದು ಅವಿಭಾಜ್ಯಗಳು ಸಿಗ್ತವೆ: 11, 41, 73, 101, 137, 271, 3541, 9091, 27961, 1676321, 5964848081. ಇವನ್ನೆಲ್ಲ ಗುಣಿಸಿದರೆ ಸರಿಯಾಗಿ ನಲವತ್ತು 1. ಕೆಳಗಿನ 24 ಸಾಲುಗಳೂ ಅದೇ ಸಾಲಿನ ನಕಲು ಆದ್ದರಿಂದ ಈ ಹನ್ನೊಂದೂ ಇಡೀ ಚಾರ್ಟಿನ ಅಪವರ್ತನಗಳೇ. ಗಟ್ಟಿ ಮಕ್ಕಳಿಗೆ ನಾನು 3541 × 27961 ಕೈಯಲ್ಲಿ ಗುಣಿಸ್ಲಿಕ್ಕೆ ಕೊಡ್ತೇನೆ, 99009901 ಅಂತ ಬಂದಾಗ ಅವರ ಮುಖ ನೋಡ್ಬೇಕು.

73 × 152207 ಅಂತ ಚಾರ್ಟಿನ ಕೆಳಗೆ ಬೇರೆಯಾಗಿ ಬರೆದದ್ದು ಯಾಕೆ?

ಅದು ನಮ್ಮವರ ಲೆಕ್ಕ ಅಂತ. 9ನೇ ಶತಮಾನದಲ್ಲಿ ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿ ಮಹಾವೀರಾಚಾರ್ಯ ಅನ್ನೋ ಗಣಿತಜ್ಞ ಇದ್ದರು, ಸಂಸ್ಕೃತದಲ್ಲಿ ಗಣಿತಸಾರಸಂಗ್ರಹ ಬರೆದರು. ಅದರಲ್ಲಿ ಗುಣಾಕಾರದ ಕೆಲವು ಲೆಕ್ಕಗಳು ಉಂಟು, ಉತ್ತರ ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ, ಅಂಥದ್ದನ್ನು ಅವರು ಕೊರಳಿನ ಹಾರಕ್ಕೆ ಹೋಲಿಸಿದ್ದಾರೆ. ಅವುಗಳಲ್ಲಿ ಒಂದು 152207 × 73 = 11111111. ಇನ್ನೊಂದು 12345679 × 9 = 111111111. ಯೋಚನೆ ಮಾಡಿ, ಕ್ಯಾಲ್ಕುಲೇಟರ್ ಬಿಡಿ ಕಾಗದವೂ ಇಲ್ಲದ ಕಾಲದಲ್ಲಿ ಎಂಟು 1ರ ಸಂಖ್ಯೆ 73ರಿಂದ ಭಾಗ ಹೋಗ್ತದೆ ಅಂತ ಕಂಡುಹಿಡಿದದ್ದು! ಅವರ ಆ ಎಂಟು ಮಣಿಯ ಹಾರ 125 ತಂದು ಸಾಲಾಗಿ ಪೋಣಿಸಿದ್ರೆ ನಮ್ಮ ಸಾವಿರದ ಸರ ಆಯ್ತು. ಮಕ್ಕಳು ಸರ ಅಂತ ಕರೆಯೋದನ್ನು ನಾನು ತಿದ್ದದೇ ಬಿಟ್ಟದ್ದೂ ಇದಕ್ಕೇ.

ಗುಂಪು ಮಾಡದೇ, ಯಾವುದೋ ಒಂದು ಸಂಖ್ಯೆ ಭಾಗ ಹೋಗ್ತದೋ ಇಲ್ವೋ ಅಂತ ಗೊತ್ತಾಗೋದು ಹೇಗೆ?

ಇದು ನನಗೆ ಭಾರೀ ಇಷ್ಟದ ಭಾಗ, ಸ್ವಲ್ಪ ನಿಧಾನಕ್ಕೆ ಹೇಳ್ತೇನೆ.

1ನ್ನು 41ರಿಂದ ಭಾಗಿಸಿ ನೋಡಿ, ಶಾಲೆಯಲ್ಲಿ ಕಲಿತ ಹಾಗೇ, ಸೊನ್ನೆ ಇಳಿಸ್ತಾ. 0.02439 02439 02439... ಅಂತ ಬರ್ತದೆ. ಐದು ಅಂಕಿ ಆದ ಮೇಲೆ ಮತ್ತೆ ಅದೇ ಐದು, ಯಾಕಂದ್ರೆ ಐದನೇ ಹೆಜ್ಜೆಗೆ ಶೇಷ ಪುನಃ 1 ಆಗಿರ್ತದೆ, ಹೊರಟ ಜಾಗಕ್ಕೇ ಬಂದು ನಿಂತೆವು. ಇದಕ್ಕೆ ಆವರ್ತ ದಶಮಾಂಶ ಅಂತಾರೆ. ಆ ಐದು ಅಂಕಿಯ ತುಂಡು 02439, ಅದನ್ನು 41ರಿಂದ ಗುಣಿಸಿ: 41 × 2439 = 99999. ಐದು 9! ಐದು 9 ಅಂದ್ರೆ 9 × 11111, ಮತ್ತೆ 41ಕ್ಕೂ 9ಕ್ಕೂ ಸಂಬಂಧ ಎಂತದೂ ಇಲ್ಲ, ಹಾಗಾಗಿ 41 ಬಂದು 11111ರ ಮೇಲೇ ಬೀಳ್ಬೇಕು. ಅಲ್ಲಿಗೆ ನಿಯಮ ಸಿಕ್ಕಿತು. 2, 3, 5 ಬಿಟ್ಟು ಯಾವ ಅವಿಭಾಜ್ಯ ಬೇಕಾದ್ರೂ ತಗೊಳ್ಳಿ, 1ನ್ನು ಅದರಿಂದ ಭಾಗಿಸಿ, ಎಷ್ಟು ಅಂಕಿಗೊಮ್ಮೆ ತಿರುಗಿ ಬರ್ತದೆ ಅಂತ ಎಣಿಸಿ, ಆ ಎಣಿಕೆ 1000ವನ್ನು ಶೇಷ ಇಲ್ಲದೆ ಭಾಗಿಸಿದ್ರೆ ಆ ಅವಿಭಾಜ್ಯ ನಮ್ಮ ಸಂಖ್ಯೆಯನ್ನು ಭಾಗಿಸ್ತದೆ, ಇಲ್ಲಾಂದ್ರೆ ಇಲ್ಲ.

7 ನೋಡುವ. 1/7 = 0.142857..., ಆರು ಅಂಕಿಗೊಮ್ಮೆ. 1000ವನ್ನು 6ರಿಂದ ಭಾಗಿಸಿದ್ರೆ 4 ಉಳೀತದೆ, ಹಾಗಾಗಿ 7 ಹೋಗೋದಿಲ್ಲ. ಶೇಷ ಎಷ್ಟು ಅಂತ ಕೂಡ ಹೇಳಬಹುದು: ಆರಾರರ 166 ಗುಂಪು ತೆಗೆದುಹಾಕಿ, ಉಳಿದ 1111ನ್ನು ಮಾತ್ರ 7ರಿಂದ ಭಾಗಿಸಿ, ಶೇಷ 5. 13ಕ್ಕೂ ಆವರ್ತ ಆರೇ, ಅದರ ಶೇಷ 6. 37ಕ್ಕೆ ಆವರ್ತ ಮೂರು, ಶೇಷ 1. 17ಕ್ಕೆ ಹದಿನಾರು, 19ಕ್ಕೆ ಹದಿನೆಂಟು, ಅವೂ ಹೋಗೋದಿಲ್ಲ. 73ಕ್ಕೆ ಎಂಟು (1/73 = 0.01369863...), ಹೋಗ್ತದೆ. ಹೀಗೆ 100ರ ಒಳಗಿನ ಅವಿಭಾಜ್ಯಗಳನ್ನೆಲ್ಲ ನೋಡಿಕೊಂಡು ಬಂದ್ರೆ ನಮ್ಮ ಸಂಖ್ಯೆಯನ್ನು ಭಾಗಿಸೋದು ಬರೀ ಮೂರು, 11, 41, 73. ಮೇ ರಜೆಯಲ್ಲಿ ಮಕ್ಕಳು ಈ ಪಟ್ಟಿ ಮಾಡ್ತಾರೆ, 97ರ ಆವರ್ತ 96 ಅಂಕಿ, ಅದನ್ನು ಕೈಯಲ್ಲಿ ಮಾಡ್ಲಿಕ್ಕೆ ಇಡೀ ಒಂದು ಸಂಜೆ ಹೋಗ್ತದೆ.

3ರಿಂದ ಭಾಗ ಹೋಗ್ತದಾ? ಅಂಕಿಗಳ ಮೊತ್ತ ಎಷ್ಟು?

ಮೊತ್ತ 1000, 3ರಿಂದ ಭಾಗಿಸಿದ್ರೆ 1 ಉಳೀತದೆ, ಹಾಗಾಗಿ ಹೋಗೋದಿಲ್ಲ. 9ರಿಂದಲೂ ಶೇಷ 1.

ಈ ಪ್ರಶ್ನೆಯ ಹಿಂದೆ ಒಂದು ಸಂಗತಿ ಉಂಟು. ಮೊದಲ ಚಾರ್ಟ್ ನಾನು ಕೈಯಲ್ಲೇ ಬರೆದದ್ದು, ಸ್ಕೆಚ್ ಪೆನ್ನಲ್ಲಿ, ರಾತ್ರಿ ಊಟ ಆದ ಮೇಲೆ ಅಡುಗೆಮನೆ ಮೇಜಲ್ಲಿ ಹರಡಿಕೊಂಡು. ಮರುದಿನ ಕ್ಲಾಸಲ್ಲಿ ಒಬ್ಬ ಹುಡುಗ ಕೊನೆಯಿಂದ ಎರಡೆರಡು ಸುತ್ತು ಹಾಕ್ತಾ ಬಂದು "ಅಕ್ಕ, ಒಂದು ಒಂಟಿ ಉಳೀತು" ಅಂದ. ನಾನು ಎಣಿಸಿದೆ, 25ನೇ ಸಾಲಲ್ಲಿ 39 ಮಾತ್ರ ಇತ್ತು, ಅಂದ್ರೆ ಗೋಡೆ ಮೇಲೆ ಇದ್ದದ್ದು 999 ಒಂದುಗಳು. ಸರಿಪಡಿಸೋ ಮೊದಲು ಹಾಗೇ ಇಟ್ಟು ಎಲ್ಲರೂ ಸೇರಿ ಆ ತಪ್ಪು ಸಂಖ್ಯೆಯನ್ನೇ ನೋಡಿದೆವು. ಅದು 3ರಿಂದ ಹೋಗ್ತದೆ, 9ರಿಂದ ಹೋಗ್ತದೆ, 27ರಿಂದಲೂ ಹೋಗ್ತದೆ, 37ರಿಂದ ಹೋಗ್ತದೆ. ಆದರೆ 11ರಿಂದ ಹೋಗೋದಿಲ್ಲ, 41, 73, 101 ಯಾವುದರಿಂದಲೂ ಇಲ್ಲ. ಒಂದು ಮಣಿ ಕಳಚಿದ್ದಕ್ಕೆ ಅಪವರ್ತನ ಒಂದೂ ಉಳಿಯದೆ ಎಲ್ಲ ಬದಲಾಯ್ತು, ಸಾವಿರ 1ರ ಸಂಖ್ಯೆಗೂ 999 1ರ ಸಂಖ್ಯೆಗೂ 1 ಬಿಟ್ಟು ಸಾಮಾನ್ಯ ಅಪವರ್ತನವೇ ಇಲ್ಲ. ಆ ದಿನದ ಕ್ಲಾಸ್ ನಾನು ತಯಾರಿ ಮಾಡಿಕೊಂಡು ಹೋದ ಎಲ್ಲ ಕ್ಲಾಸಿಗಿಂತ ಚೆನ್ನಾಗಾಯ್ತು.

ಹಾಗಾದ್ರೆ ಇಂಥ ಎರಡು ಸಂಖ್ಯೆಗಳ ಮಸಾಅ ಹೇಗೆ ತೆಗೆಯೋದು?

ಮಸಾಅ ಅಂದ್ರೆ ಮಹತ್ತಮ ಸಾಮಾನ್ಯ ಅಪವರ್ತನ, ಎರಡನ್ನೂ ಭಾಗಿಸೋ ಅತಿ ದೊಡ್ಡ ಸಂಖ್ಯೆ. ಉದ್ದಗಳ ಮಸಾಅ ತೆಗೆದ್ರೆ ಸಾಕು. 1000 ಮತ್ತು 600ರ ಮಸಾಅ 200, ಹಾಗಾಗಿ ಸಾವಿರ 1ರ ಸಂಖ್ಯೆ ಮತ್ತು ಆರುನೂರು 1ರ ಸಂಖ್ಯೆಯ ಮಸಾಅ ಇನ್ನೂರು 1ರ ಸಂಖ್ಯೆ. 1000 ಮತ್ತು 999ರ ಮಸಾಅ 1, ಹಾಗಾಗಿ ಮೇಲೆ ಹೇಳಿದ್ದು. ಕಾರಣ ಕೇಳಿದ್ರೆ, ಉದ್ದ ಸರದಿಂದ ಗಿಡ್ಡ ಸರದಷ್ಟು ತುಂಡು ತುಂಡು ಕತ್ತರಿಸ್ತಾ ಹೋದ್ರೆ ಉಳಿಯೋದೂ 1ರದ್ದೇ ಒಂದು ಗಿಡ್ಡ ಸರ, ಅಂದ್ರೆ ಯೂಕ್ಲಿಡನ ಭಾಗಾಕಾರ ಕ್ರಮ ಉದ್ದಗಳ ಮೇಲೆ ನಡೆದ ಹಾಗೇ ಸಂಖ್ಯೆಗಳ ಮೇಲೂ ನಡೀತದೆ.

ಒಟ್ಟು ಎಷ್ಟು ಅಪವರ್ತನ?

ಮೊದಲು ಅವಿಭಾಜ್ಯಗಳನ್ನು ಎಣಿಸುವ. 1000ದ ಭಾಜಕಗಳು 1 ಬಿಟ್ಟರೆ 15: 2, 4, 5, 8, 10, 20, 25, 40, 50, 100, 125, 200, 250, 500, 1000. ಪ್ರತಿಯೊಂದು ಉದ್ದವೂ ಅದಕ್ಕಿಂತ ಗಿಡ್ಡ ಸರದಲ್ಲಿ ಇಲ್ಲದ ಒಂದಾದರೂ ಹೊಸ ಅವಿಭಾಜ್ಯವನ್ನು ತರ್ತದೆ ಅನ್ನೋದು 19ನೇ ಶತಮಾನದ ಕೊನೆಗೇ ಸಾಧಿಸಿದ ಪ್ರಮೇಯ. ಕೆಲವು ಉದ್ದಗಳು ಎರಡು ಮೂರು ತರ್ತವೆ: 25ರದ್ದು 21401, 25601, 182521213001, 50ರದ್ದು 251, 5051, 78875943472201. ಉದ್ದ 50ರವರೆಗೆ ಬಂದದ್ದು ಒಟ್ಟು 17 ಅವಿಭಾಜ್ಯಗಳು, ಮೇಲಿನ ಆರು ಉದ್ದಗಳಿಂದ ತಲಾ ಒಂದಾದರೂ ಅಂತ ಇಟ್ಟುಕೊಂಡರೆ 23. ಪ್ರತಿ ಅವಿಭಾಜ್ಯವನ್ನೂ ತಗೊಳ್ಳೋದು ಇಲ್ಲ ಬಿಡೋದು, ಎರಡೇ ಆಯ್ಕೆ, 23 ಸಲ ಎರಡನ್ನು ಗುಣಿಸಿದ್ರೆ 83,88,608. ಅಂದ್ರೆ ಈ ಸಂಖ್ಯೆಗೆ ಕಡಿಮೆ ಅಂದ್ರೂ 83 ಲಕ್ಷದ ಮೇಲೆ ಅಪವರ್ತನಗಳು. ಕಡಿಮೆ ಅಂದ್ರೂ ಅಂತ ಹೇಳಿದ್ದನ್ನು ಗಮನಿಸಿ.

ಇದು ವರ್ಗಸಂಖ್ಯೆಯಾ?

ಅಲ್ಲ. ಕೊನೆಗೆ 11 ಇರೋ ಯಾವ ಸಂಖ್ಯೆಯೂ ವರ್ಗ ಆಗ್ಲಿಕ್ಕಿಲ್ಲ, 4ರಿಂದ ಭಾಗಿಸಿದ್ರೆ ಶೇಷ 3 ಬರ್ತದೆ, ವರ್ಗಕ್ಕೆ ಶೇಷ 0 ಅಥವಾ 1 ಮಾತ್ರ.

ಇನ್ನೊಂದು ಹೆಜ್ಜೆ ಮುಂದೆ ಹೋಗಬಹುದು. 8ರಿಂದ ಭಾಗಿಸ್ಲಿಕ್ಕೆ ಕೊನೆಯ ಮೂರು ಅಂಕಿ ನೋಡಿದ್ರೆ ಸಾಕು, 111ನ್ನು 8ರಿಂದ ಭಾಗಿಸಿದ್ರೆ ಶೇಷ 7. ವರ್ಗಗಳಿಗೆ 8ರಿಂದ ಬರೋ ಶೇಷ 0, 1, 4 ಮಾತ್ರ, ಇವುಗಳಲ್ಲಿ ಯಾವ ಮೂರನ್ನು ಹೇಗೆ ಕೂಡಿಸಿದರೂ 7 ಬರೋದೇ ಇಲ್ಲ, ನೀವೇ ಕೂಡಿಸಿ ನೋಡಿ. ಹಾಗಾಗಿ ನಮ್ಮ ಸಂಖ್ಯೆಯನ್ನು ಎರಡು ವರ್ಗಗಳ ಮೊತ್ತವಾಗಿಯೂ ಬರೆಯಲಿಕ್ಕಾಗೋದಿಲ್ಲ, ಮೂರರದ್ದಾಗಿಯೂ ಆಗೋದಿಲ್ಲ. ನಾಲ್ಕು ಬೇಕೇ ಬೇಕು, ಮತ್ತೆ ನಾಲ್ಕು ಸಾಕು ಅಂತ ಲಗ್ರಾಂಜ್ 1770ರಲ್ಲೇ ಎಲ್ಲ ಸಂಖ್ಯೆಗಳಿಗೂ ಸಾಧಿಸಿ ಇಟ್ಟಿದ್ದಾರೆ.

ಡೊಂಬಿವಿಲಿಗೂ ಈ ಸಂಖ್ಯೆಗೂ ಏನೋ ನಂಟು ಉಂಟಂತೆ, ಹೌದಾ?

ಹೌದು, ಮತ್ತೆ ಇಲ್ಲಿರೋ ನಾವೇ ಅದನ್ನು ಮರೆತಿದ್ದೇವೆ ಅಂತ ನನಗೆ ಬೇಜಾರು. ದತ್ತಾತ್ರೇಯ ರಾಮಚಂದ್ರ ಕಾಪ್ರೇಕರ್ ಅಂತ, 1905ರಲ್ಲಿ ಡಹಾಣುವಲ್ಲಿ ಹುಟ್ಟಿದವರು, ಠಾಣೆಯಲ್ಲಿ ಶಾಲೆ, ಪುಣೆಯ ಫರ್ಗ್ಯುಸನ್ ಕಾಲೇಜು, ಆಮೇಲೆ 1930ರಿಂದ 1962ರವರೆಗೆ ನಾಸಿಕ್ ಹತ್ತಿರದ ದೇವಳಾಲಿಯಲ್ಲಿ ಶಾಲಾ ಮೇಷ್ಟ್ರು. 6174ರ ಕಾಪ್ರೇಕರ್ ಸ್ಥಿರಾಂಕ ಕೇಳಿರಬಹುದು, ಅವರೇ. ಅವರು 1, 121, 12321, 1234321 ಅನ್ನೋ ಥರದ ಸಂಖ್ಯೆಗಳನ್ನು ಕುಳಿತು ಅಭ್ಯಾಸ ಮಾಡಿದ್ರು, ಅವಕ್ಕೆ ಡೆಮ್ಲೋ ಸಂಖ್ಯೆ ಅಂತ ಹೆಸರಿಟ್ಟರು. ಡೆಮ್ಲೋ ಅಂದ್ರೆ ಆಗಿನ ಜಿಐಪಿ (ಗ್ರೇಟ್ ಇಂಡಿಯನ್ ಪೆನಿನ್ಸುಲಾ) ರೈಲ್ವೆಯ ಸ್ಟೇಷನ್, ಇವತ್ತಿನ ಡೊಂಬಿವಿಲಿ! ಅವರಿಗೆ ಆ ಯೋಚನೆ ಬಂದದ್ದು ಈ ಸ್ಟೇಷನ್ನಲ್ಲಿ. ನಾವು ದಿನಾ ಬೆಳಿಗ್ಗೆ ಫಾಸ್ಟ್ ಲೋಕಲ್ ಹಿಡಿಯಲಿಕ್ಕೆ ನೂಕಾಡೋ ಜಾಗದ ಹೆಸರು ಪ್ರಪಂಚದ ಗಣಿತದಲ್ಲಿ ಉಂಟು.

ಡೆಮ್ಲೋ ಸಂಖ್ಯೆ ಅಂದ್ರೆ 1ರ ಸರಗಳ ವರ್ಗ. 11 × 11 = 121, 111 × 111 = 12321, ಒಂಬತ್ತು 1ರ ವರ್ಗ 12345678987654321. ಹತ್ತಕ್ಕೆ ಬಂದಾಗ ಮಧ್ಯದ ಸ್ಥಾನದಲ್ಲಿ 10 ಬರ್ತದೆ, ದಶಕ ಎಡಕ್ಕೆ ಹೋಗ್ತದೆ, ಚಂದದ ಗೋಪುರ ಕದಲಿ 1234567900987654321 ಆಗ್ತದೆ. ನಮ್ಮ ಸಾವಿರದ ಸರವನ್ನು ವರ್ಗ ಮಾಡಿದರೆ 1999 ಅಂಕಿ ಬರ್ತದೆ, ಶುರುವಿನಲ್ಲಿ 123456790123456790 ಅಂತ 8 ಇಲ್ಲದೆ ಸುತ್ತು ಹೊಡೀತಾ ಹೋಗ್ತದೆ, ಕೊನೆ ಮಾತ್ರ 987654321 ಅಂತಲೇ.

ಅಲ್ರೀ, ಇಷ್ಟ್ ದೊಡ್ಡ ಸಂಖ್ಯೆ ಐತಿ ಅಂದ್ರ ಬ್ಯಾಂಕಿನ ಕೀಲಿಗೆ ಬರ್ತೈತೇನ್ರಿ?

ಕಲಬುರ್ಗಿ ಕಡೆಯ ಒಬ್ಬ ತಾಯಿ ಕೇಳಿದ ಪ್ರಶ್ನೆ, ಎಲ್ಲ ಪ್ರಶ್ನೆಗಳಲ್ಲಿ ಇದೇ ಒಳ್ಳೇದು ಅಂತ ನನಗೆ ಅನ್ನಿಸ್ತದೆ. ಬರೋದಿಲ್ಲ.

ಇಂಟರ್‌ನೆಟ್ಟಲ್ಲಿ ಹೋಗೋ ಗುಟ್ಟಿನ ಮಾಹಿತಿಯನ್ನು ಬೇರೆಯವರು ಓದದ ಹಾಗೆ ಕಾಯೋ ಆರ್‌ಎಸ್‌ಎ ಅನ್ನೋ ಬೀಗ 1977ರಲ್ಲಿ ರಿವೆಸ್ಟ್, ಶಮೀರ್, ಏಡ್ಲ್‌ಮನ್ ಮೂರು ಜನ ಸೇರಿ ಮಾಡಿದ್ದು. ಅದರಲ್ಲಿ ಎರಡು ದೊಡ್ಡ ಅವಿಭಾಜ್ಯಗಳನ್ನು ಗುಣಿಸಿ ಗುಣಲಬ್ಧವನ್ನು ಮಾತ್ರ ಎಲ್ಲರಿಗೂ ತೋರಿಸ್ತಾರೆ, ಅದನ್ನು ಒಡೆದು ಆ ಎರಡನ್ನು ಕಂಡುಹಿಡಿದ್ರೆ ಬೀಗ ತೆರೆದ ಹಾಗೆ. ಈಗ ಸಾಮಾನ್ಯವಾಗಿ ಬಳಸೋದು 2048 ಬಿಟ್ಟಿನದ್ದು, ಅಂದ್ರೆ 617 ಅಂಕಿ, ನಮ್ಮ ಚಾರ್ಟಲ್ಲಿ 15 ಸಾಲು ಮತ್ತು 17 ಅಂಕಿ ಅಷ್ಟೇ. ನಮ್ಮದು ಅದಕ್ಕಿಂತ ಎಷ್ಟೋ ದೊಡ್ಡದು, ಆದರೂ ಆರನೇ ಕ್ಲಾಸಿನ ಹುಡುಗಿ ಪೆನ್ಸಿಲಲ್ಲಿ ಅಪವರ್ತನ ತೆಗೀತಾಳೆ. ಅದೇ ಆ ಬೀಗದ ಪೈಕಿ 250 ಅಂಕಿಯದ್ದನ್ನು, ಆರು ಸಾಲು ಮತ್ತು ಹತ್ತು ಅಂಕಿಯಷ್ಟೇ ಇರೋದನ್ನು, ಒಡೆಯಲಿಕ್ಕೆ 2020ರವರೆಗೆ ಕಾಯಬೇಕಾಯ್ತು, ಅದೂ ಸಾವಿರಾರು ಕಂಪ್ಯೂಟರ್ ಒಟ್ಟಿಗೆ ಹಚ್ಚಿ. ದೊಡ್ಡದು ಅಂದ ಮಾತ್ರಕ್ಕೆ ಕಷ್ಟ ಅಂತ ಇಲ್ಲ, ಒಳಗೆ ಜೋಡಣೆ ಹೇಗುಂಟು ಅನ್ನೋದರ ಮೇಲೆ ಹೋಗ್ತದೆ. 1ರ ಸರದಲ್ಲಿ ಜೋಡಣೆ ಪೂರ್ತಿ ಹೊರಗೇ ಕಾಣ್ತದೆ, ಬೀಗದ ಸಂಖ್ಯೆಯಲ್ಲಿ ಹಿಡಿಯಲಿಕ್ಕೆ ಒಂದು ಎಳೆಯೂ ಸಿಗೋದಿಲ್ಲ, ಹಾಗೆ ಸಿಗದ ಹಾಗೆಯೇ ಆರಿಸ್ತಾರೆ. ಇದನ್ನು ಹೇಳಿದಾಗ ಅವರು "ಅಂದ್ರ ಗೊಂಬಿ ದೊಡ್ಡದಿದ್ರೂ ಒಳಗ ಪೊಳ್ಳು" ಅಂದರು. ನಾನು ಒಪ್ಪಲಿಲ್ಲ, ಪೊಳ್ಳು ಅಲ್ಲ, ಗಾಜಿನ ಡಬ್ಬಿ ಅಂತ ಹೇಳಿದೆ, ಒಳಗಿರೋದು ಎಲ್ಲ ಕಾಣ್ತದೆ.

ಬರೀ 1ರ ಸಂಖ್ಯೆಗಳಲ್ಲಿ ಅವಿಭಾಜ್ಯ ಯಾವುದೂ ಇಲ್ವಾ?

ಉಂಟು, ಆದರೆ ತುಂಬಾ ಅಪರೂಪ. ಮೊದಲನೇದು 11. ಉದ್ದ ಸಂಯುಕ್ತ ಆದ್ರೆ ಸಂಖ್ಯೆ ಸಂಯುಕ್ತ ಆಗಿಯೇ ಆಗ್ತದೆ, ಸುತ್ತು ಹಾಕೋ ಲೆಕ್ಕದಿಂದಲೇ ಗೊತ್ತಾಯ್ತಲ್ಲ. ಹಾಗಂತ ಉದ್ದ ಅವಿಭಾಜ್ಯ ಆದ್ರೆ ಸಾಕಾಗೋದಿಲ್ಲ: 111 = 3 × 37, 11111 = 41 × 271, 1111111 = 239 × 4649. ಎರಡರ ನಂತರ ಸಿಗೋದು 19 ಒಂದುಗಳು, ಆಮೇಲೆ 23, ಆಮೇಲೆ ಒಮ್ಮೆಲೇ 317, ಆಮೇಲೆ 1031. ಕೊನೆಯದ್ದನ್ನು ಹ್ಯೂ ವಿಲಿಯಮ್ಸ್ ಮತ್ತು ಹಾರ್ವಿ ಡಬ್ನರ್ 1986ರಲ್ಲಿ ಅವಿಭಾಜ್ಯ ಅಂತ ಸಾಧಿಸಿದ್ರು. ಅದರ ಮುಂದಿನ 49081 ಒಂದುಗಳದ್ದು ಅವಿಭಾಜ್ಯ ಅಂತ ಪೂರ್ತಿ ಸಾಧನೆ ಆದದ್ದು 2022ರಲ್ಲಿ.

1031 ಅಂದ್ರೆ ನೋಡಿ, ನಮ್ಮ ಚಾರ್ಟಿಗೆ ಇನ್ನು 31 ಒಂದು ಸೇರಿಸಿದ್ರೆ ಅಷ್ಟೇ, 26ನೇ ಸಾಲು ಪೂರ್ತಿಯೂ ಬೇಡ. 83 ಲಕ್ಷ ಅಪವರ್ತನ ಇರೋ ಸಂಖ್ಯೆಯ ಬಾಲಕ್ಕೆ 31 ಮಣಿ ಪೋಣಿಸಿದ್ರೆ 1 ಮತ್ತು ತಾನು ಬಿಟ್ಟು ಯಾರಿಂದಲೂ ಭಾಗ ಹೋಗದ ಸಂಖ್ಯೆ ಆಗ್ತದೆ. ಚಾರ್ಟಿನ ಕೆಳಗೆ ಖಾಲಿ ಜಾಗದಲ್ಲಿ ಪೆನ್ಸಿಲಲ್ಲಿ ತೆಳ್ಳಗೆ 31 ಒಂದು ಬರೆದದ್ದು ಕಾಣ್ತದಲ್ಲ, ಅದು ಅದಕ್ಕೇ. ಮಕ್ಕಳಿಗೆ ಅದನ್ನು ಅಳಿಸೋದು ಬರೆಯೋದು ಒಂದು ಆಟ ಆಗಿಬಿಟ್ಟಿದೆ.

ಮನೆಯಲ್ಲಿ ನಾವೂ ಈ ಚಾರ್ಟ್ ಮಾಡಬಹುದಾ?

ಖಂಡಿತ. ಸ್ಟೇಷನರಿ ಅಂಗಡಿಯಲ್ಲಿ ಸಿಗೋ ಚೌಕುಳಿ ಚಾರ್ಟ್ ಪೇಪರ್ ಸಾಕು, ಅಡ್ಡಕ್ಕೆ 40 ಮನೆ ಬರೋ ಹಾಗೆ ಅಂಚು ಎಳ್ಕೊಳ್ಳಿ, ಉದ್ದಕ್ಕೆ 26 ಸಾಲು, ಕೊನೇದು ಆ 31ಕ್ಕೆ. ಎಂಟೆಂಟು ಮನೆಗೊಂದು ತೆಳು ನೀಲಿ ಗೆರೆ, ಐದೈದಕ್ಕೆ ಕೆಂಪು ಗೆರೆ ಹಾಕಿದ್ರೆ 73 ಮತ್ತು 41 ಎರಡೂ ಗುಂಪು ಕಣ್ಣಿಗೆ ಬೀಳ್ತವೆ. ಬರೆದಾದ ಮೇಲೆ 25ನೇ ಸಾಲನ್ನು ಎರಡು ಸಲ ಎಣಿಸಿ.